ಹಾಲುಗೊಂದಿಯ ಹಗಲುದೀಪ

"ಹಾರ ಮಣ್ಣಿಗೆ ಹೋಯ್ತು ಕಣ್ರೀ," ಅಂದರು ವಿಮಲಮ್ಮ. "ಅಧ್ಯಕ್ಷರ ಕೊರಳಲ್ಲೇ ಹೋಯ್ತು."

ನಶ್ಯದ ಡಬ್ಬಿ ತೆಗೆದವನು ಹಾಗೇ ಮುಚ್ಚಿ ಜೇಬಿಗೆ ಹಾಕಿದೆ. ತಲೆ ಕೆಟ್ಟುಹೋಯಿತು. ಬೆಳಗಿನಿಂದ ಹಾಲುಗೊಂದಿಯ ಮನೆಮನೆ ಸುತ್ತಿ ನಾನು ಹುಡುಕುತ್ತಿದ್ದದ್ದು ಮೈಕಿನ ಕಂಬಕ್ಕೆ ಇದ್ದಕ್ಕಿದ್ದಂತೆ ಬಂದಿದ್ದ ಆ ಒಂದು ಸುಗಂಧರಾಜದ ಹಾರವನ್ನು.

"ಯಾರು ಹಾಕಿ ಕಳಿಸಿದ್ದು?"

"ನಾನೇ. ಶಿವ ಮೈದುಂಬಿದಾಗ ಹಾಕಿದ ಹಾರ ಅಲ್ವಾ, ಇನ್ನೊಬ್ಬರ ಕೊರಳಿಗೆ ಹಾಕೋ ಹಂಗಿಲ್ಲ. ಆಸ್ಪತ್ರೆಗೆ ಒಯ್ಯೋವಾಗ ತೆಗೆದು ನಮ್ಮನೆ ದೇವರ ಗೂಡಲ್ಲಿ ಇಟ್ಕೊಂಡಿದ್ದೆ. ಆಸ್ಪತ್ರೆಯಿಂದ ದೇಹ ತಂದು ಸಮಾಧಿಗೆ ಕೂರಿಸೋವಾಗ ಮತ್ತೆ ಹಾಕ್ದೆ. ಯಾಕ್ರೀ, ತಪ್ಪಾಯ್ತಾ?"

ತಪ್ಪಾಯ್ತಾ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳುವ ಹೆಂಗಸಿಗೆ ಏನು ಹೇಳುವುದು? ಇಲ್ಲಮ್ಮ ಅಂದೆ. ಸುಳ್ಳು.

ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆಯ ಪಕ್ಕದ ಈ ಊರಿನ ಬಯಲಿನಲ್ಲಿ ವರ್ಷಕ್ಕೊಮ್ಮೆ ಭಜನಾ ಉತ್ಸವ ನಡೆಯುತ್ತದೆ. ಮೊನ್ನೆ ಮಧ್ಯಾಹ್ನ ಉತ್ಸವದ ಅಧ್ಯಕ್ಷ ತೀರ್ಥಪ್ಪ ಸಾವಿರ ಜನರ ಎದುರು ಮೈಕ್ ಹಿಡಿದುಕೊಂಡೇ ಸತ್ತರು. ಕರೆಂಟು. ಮೈಕ್‌ಸೆಟ್ಟಿನ ಕೆಂಚಪ್ಪ ಲಾಕಪ್ಪಿನಲ್ಲಿದ್ದಾನೆ. ಇವತ್ತು ಮಧ್ಯಾಹ್ನ ಅವನನ್ನು ತರೀಕೆರೆ ಕೋರ್ಟಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದ ಜೈಲು. ಅಷ್ಟರೊಳಗೆ ನನ್ನ ಕೈಲಿ ಏನಾದರೂ ಸಿಗದಿದ್ದರೆ ಆ ಹುಡುಗನ ಕತೆ ಮುಗಿದ ಹಾಗೆ.

ನಾನು ಪಂಚಾಕ್ಷರಪ್ಪ. ಬೀರೂರು ಜಂಕ್ಷನ್ನಿನಲ್ಲಿ ರೈಲ್ವೆ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ರಿಟೈರಾದವನು. ಆಯುಷ್ಯವೆಲ್ಲ ಕಳ್ಳರನ್ನು ಹಿಡಿದವನಿಗೆ ಈ ಉತ್ಸವದಲ್ಲಿ ಸ್ವಯಂಸೇವಕ ಅಂತ ಒಂದು ಹಳದಿ ಪಟ್ಟಿ ಕೊಟ್ಟು, "ನೀವು ಚಪ್ಪಲಿ ಕಾಯ್ರೀ" ಅಂದರು. ಕಾದೆ. ಮೈಯೆಲ್ಲ ಉರಿಯುತ್ತಿತ್ತು, ಆದರೂ ಕಾದೆ. ಆ ಚಪ್ಪಲಿ ಕಾಯುವ ಕೆಲಸದಿಂದಲೇ ಈ ಕೇಸಿನಲ್ಲಿ ನನಗೊಂದು ವಿಷಯ ಗೊತ್ತಾಗಿದ್ದು.

ಕೆಂಚ ಪೊಲೀಸರ ಮುಂದೆ ಏನು ಹೇಳಿದ್ದಾನೆ? "ವೇದಿಕೆಯ ಬಣ್ಣದ ದೀಪದ ಸ್ವಿಚ್ಚು ಹಾಕಿದ್ದೂ ನಾನೇ, ಆರಿಸಿದ್ದೂ ನಾನೇ." ಆ ದೀಪದ ಸರದಿಂದಲೇ ಯಾರೋ ಒಂದು ವೈರು ಕವಲು ತೆಗೆದಿದ್ದರು. ವೈರಿನ ಬರಿ ತುದಿ ಮೈಕ್ ನಿಲ್ಲಿಸುವ ಕಬ್ಬಿಣದ ಕಂಬದ ಬುಡದಲ್ಲಿ, ಜಮಖಾನದ ಕೆಳಗೆ ಪೊಲೀಸರಿಗೆ ಸಿಕ್ಕಿದೆ. ದೀಪ ಹೊತ್ತಿದರೆ ಕಂಬಕ್ಕೆ ಕರೆಂಟು. ಹಾಗಾಗಿ ದೀಪ ಹಾಕಿದವನೇ ಕೊಲೆಗಾರ ಅಂತ ಸಬ್ ಇನ್‌ಸ್ಪೆಕ್ಟರ್ ಈರಭದ್ರಪ್ಪ ತೀರ್ಮಾನ ಮಾಡಿಬಿಟ್ಟ.

ಆದರೆ ಕೆಂಚ ದೀಪ ಹಾಕಿಲ್ಲ. ಆರಿಸಿದ್ದು ನಿಜ, ಅದನ್ನು ಹತ್ತಾರು ಜನ ನೋಡಿದ್ದಾರೆ. ಆದರೆ ದೀಪ ಹೊತ್ತಿದ ಹೊತ್ತಿನಲ್ಲಿ ಅವನು ಕೊನೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ. ಅವನ ಹವಾಯಿ ಚಪ್ಪಲಿ ನನ್ನ ಕಾಲ ಬಳಿ ಇತ್ತು. ಜನ "ಶಿವ ಶಿವಾ" ಅಂತ ಕೂಗಿದ ಮೇಲೆ ಅವನು ಕೈ ಒರೆಸಿಕೊಳ್ಳುತ್ತಾ ಬಂದು ಅದನ್ನು ಮೆಟ್ಟಿಕೊಂಡು ಹೋದ. ಇದನ್ನು ಹೇಳಿದರೆ ಈರಭದ್ರಪ್ಪ, ಅವನೇ ಒಪ್ಕೊಂಡಿದ್ದಾನಲ್ರೀ ಅಂದ.

ಹಾಗಾದರೆ ಸುಳ್ಳು ಯಾಕೆ ಹೇಳುತ್ತಾನೆ? ಗಲ್ಲಿಗೆ ಹೋಗುವಂಥ ಸುಳ್ಳು?

"ವಿಮಲಮ್ಮ, ಆವತ್ತಿಂದು ಇನ್ನೊಂದು ಸಲ ಹೇಳಿ. ಬೇಜಾರು ಮಾಡ್ಕೋಬೇಡಿ."

ಹೆಂಗಸರ ಮೇಳಕ್ಕೆ ವಿಮಲಮ್ಮನೇ ಮುಂದಾಳು. ತೀರ್ಥಪ್ಪನವರಿಗಿಂತ ಮುಂಚೆ ವೇದಿಕೆಯಲ್ಲಿ ಹಾಡಿದವರು ಇವರೇ. ಒಂದು ಮೇಳ ಇಳಿದು ಇನ್ನೊಂದು ಹತ್ತುವ ಮುಂಚೆ ವೇದಿಕೆಗೆ ನೀರು ಹಾಕಿ ಒರೆಸುವುದು ಇಲ್ಲಿನ ಪದ್ಧತಿ. ಆ ಸೇವೆಯನ್ನು ಇಳಿಯುವ ಮೇಳದವರೇ ಮಾಡಬೇಕು.

"ನಾನೇ ಮೈಕಿನ ಕಂಬ ಎತ್ತಿ ಪಕ್ಕಕ್ಕಿಟ್ಟು ಅದರ ಬುಡ ಒರೆಸ್ದೆ ಕಣ್ರೀ. ಜಮಖಾನ ಎತ್ತಿ ಕೊಡವ್ದೆ. ಆಗ ವೈರೂ ಇರಲಿಲ್ಲ, ಪೈರೂ ಇರಲಿಲ್ಲ. ಕಂಬಕ್ಕೆ ಹಾರಾನೂ ಇರಲಿಲ್ಲ. ನೆಲ ಇನ್ನೂ ಹಸಿಯಾಗೇ ಇತ್ತು, ಅಷ್ಟರಲ್ಲಿ ಕಾರ್ಯದರ್ಶಿಗಳೂ ಅಧ್ಯಕ್ಷರೂ ಹತ್ತಿದ್ರು, ಬೇರೆ ಯಾರೂ ಇಲ್ಲ. ನೋಡ್ತೀನಿ, ಕಂಬಕ್ಕೆ ಹಾರ ಬಂದಿದೆ."

"ಆಮೇಲೆ?"

"ಆಮೇಲೆ ಅವರು ಕಂಬ ಹಿಡಿದ್ರು. ಮೈ ನಡುಗ್ತು. ಕಂಬ ತಬ್ಕೊಂಡೇ ಮೆಲ್ಲಗೆ ಕುಸಿದು ಕೂತ್ರು. ನಾವೆಲ್ಲ..." ವಿಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅವರು ಮುಗಿಸದಿದ್ದರೂ ನನಗೆ ಗೊತ್ತು, ಅಲ್ಲಿದ್ದವರಿಗೆಲ್ಲ ಗೊತ್ತು. ಭಜನೆಯಲ್ಲಿ ಒಬ್ಬೊಬ್ಬರಿಗೆ ಹೀಗೆ ಆಗುವುದುಂಟು. ಮೈ ನಡುಗಿ, ಕಣ್ಣು ಮುಚ್ಚಿ, ಕೂತಲ್ಲೇ ಕೂತುಬಿಡುತ್ತಾರೆ. ಶಿವ ಮೈದುಂಬಿದ ಅನ್ನುತ್ತಾರೆ. ಆಗ ಅವರನ್ನು ಯಾರೂ ಮುಟ್ಟಬಾರದು, ಹಾಡೂ ನಿಲ್ಲಿಸಬಾರದು. ತಾಳ ಜೋರಾಗಬೇಕು. ಮೊನ್ನೆಯೂ ಹಾಗೇ ಮಾಡಿದರು. ಆ ಮನುಷ್ಯನ ಜೀವ ಹೋಗುತ್ತಿದ್ದರೆ ಸುತ್ತ ಸಾವಿರ ಜನ ಕೈಮುಗಿದು ಹಾಡಿದರು. ಹೆಂಗಸರು ಆನಂದದಿಂದ ಅತ್ತರು.

ಕೆಂಚ ಊಟ ಮುಗಿಸಿ ಬಂದು, ಹಗಲು ಹೊತ್ತಿನಲ್ಲಿ ಬಣ್ಣದ ದೀಪ ಉರಿಯುತ್ತಿರುವುದನ್ನು ನೋಡಿ ಸ್ವಿಚ್ಚು ಆರಿಸಿದ. ಆಗಲೂ ಹಾಡು ನಿಲ್ಲಲಿಲ್ಲ. ಬಹಳ ಹೊತ್ತಾದ ಮೇಲೆ ವಿಮಲಮ್ಮ ಮೈಕಿನ ಕಂಬದ ಹಾರ ತೆಗೆದು, ಶಿವ ಬಂದ ಮೈ ಅಂತ ಅವರ ಕೊರಳಿಗೆ ಹಾಕಿ, ವಿಭೂತಿ ಹಚ್ಚಲು ಹಣೆ ಮುಟ್ಟಿದರು. ಹಣೆ ತಣ್ಣಗಿತ್ತು.

"ಹಾರ ತೆಗೆದಾಗ ಏನಾದ್ರೂ ವಿಚಿತ್ರ ಅನ್ನಿಸ್ತಾ?"

"ಕೆಳಗೆ ಏನೋ ಸಿಕ್ಕಿಹಾಕ್ಕೊಂಡಂಗಿತ್ತು. ಜಗ್ಗಿದೆ, ಬಂತು." ಅವರು ಸ್ವಲ್ಪ ಯೋಚಿಸಿದರು. "ಇನ್ನೊಂದು ನೋಡ್ರೀ. ಆ ಹಾರ ಜೋಲ್ತಿರಲಿಲ್ಲ. ಬಾಳೆನಾರಲ್ಲಿ ಕಟ್ಟಿದ್ದು ಜೋಲುತ್ತೆ ಅಲ್ವಾ? ಇದನ್ನ ದೇವರ ಗೂಡಲ್ಲಿ ಇಡೋವಾಗ ಮಡಚಿದೆ. ಮಡಚಿದ ಹಂಗೇ ನಿಂತ್ಕೊಂತು. ಸಮಾಧೀಲಿ ಹಾಕೋವಾಗ ಮತ್ತೆ ಬಿಡಿಸಿ ನೆಟ್ಟಗೆ ಮಾಡಬೇಕಾಯ್ತು."

ಹಾಳಾಗಿ ಹೋಗಲಿ! ನಾನು ಅವರ ಜಗಲಿಯ ಮೇಲೆ ಹಾಗೇ ಕೂತುಬಿಟ್ಟೆ. ಬಾಳೆನಾರು ಹಾಗೆ ನಿಲ್ಲುವುದಿಲ್ಲ. ತಂತಿ ನಿಲ್ಲುತ್ತದೆ. ಹೂವಿನ ಒಳಗೆ ತಾಮ್ರದ ತಂತಿ ಇತ್ತು. ಅದರ ಕೆಳತುದಿಗೆ ಜಮಖಾನದಡಿಯ ವೈರು ಸಿಕ್ಕಿಸಿದ್ದರು. ಕಂಬಕ್ಕೆ ಸುತ್ತಿದ್ದು ಹಾರವಲ್ಲ, ಕರೆಂಟು.

ಕೊಲೆ ಮಾಡಿದ ಆಯುಧ ಈಗ ಸತ್ತವರ ಕೊರಳಲ್ಲೇ ಇದೆ. ಆರಡಿ ಮಣ್ಣಿನ ಕೆಳಗೆ, ವಿಭೂತಿ ಬಿಲ್ವಪತ್ರೆಗಳ ನಡುವೆ. ಆ ಸಮಾಧಿ ತೆಗೆಸುತ್ತೇನೆ ಅಂತ ಬಾಯಿ ಬಿಟ್ಟರೆ ಊರು ನನ್ನನ್ನೇ ಹೂತುಹಾಕುತ್ತದೆ. ಆದರೂ ಈರಭದ್ರಪ್ಪನ ಹತ್ತಿರ ಓಡಿಹೋಗಿ ಹೇಳಿದೆ. "ಹಾರ ನೆಟ್ಟಗಿತ್ತು ಅಂತ ಒಬ್ಬ ಹೆಂಗಸು ಹೇಳಿದ್ಲು ಅಂತ ಮ್ಯಾಜಿಸ್ಟ್ರೇಟ್ ಹತ್ರ ಹೋಗಿ ಸಮಾಧಿ ಅಗೀಲಾ? ಮನೆಗೋಗಿ ಮಲಕ್ಕೊಳ್ರೀ ಯಜಮಾನ್ರೇ" ಅಂದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ ಅನ್ನಿ.

ಠಾಣೆಯ ಹೊರಗೆ ಹುಣಸೆಮರದ ಕೆಳಗೆ ಕೆಂಚನ ತಾಯಿ ಕರಿಯಮ್ಮ ಕೂತಿದ್ದಳು. ಮಗನನ್ನು ನೋಡಲು ಇನ್ನೂ ಬಿಟ್ಟಿರಲಿಲ್ಲ. ಸೀರೆಯ ಮೇಲೆ ಹಳದಿ ಪಟ್ಟಿ ಹಾಗೇ ಇತ್ತು, ತೆಗೆಯಬೇಕು ಅಂತ ಅವಳಿಗೂ ತೋಚಿಲ್ಲ, ಬೇರೆಯವರೂ ಹೇಳಿಲ್ಲ.

ಅವಳೂ ಸ್ವಯಂಸೇವಕಿ. ಊರಾಚೆ ಕೇರಿಯವಳು. ಯಾರೂ ಕರೆಯದೆ ತಾನಾಗಿ ಬಂದು, ಎಂಜಲೆಲೆ ಎತ್ತಿ, ಬಯಲು ಗುಡಿಸಿ, ಗುಡಿಸುತ್ತಾ ಮೇಳದವರ ಜೊತೆ ತಾನೂ ಗುನುಗುವವಳು. ಒಳ್ಳೆ ಕಂಠ. ಕಳೆದ ವರ್ಷ ತೀರ್ಥಪ್ಪ ಅವಳ ಹಾಡು ಕೇಳಿ ಅಲ್ಲೇ ನಿಂತುಬಿಟ್ಟಿದ್ದರಂತೆ.

"ಆ ಗುಂಡಿ ಒತ್ತಿದ ಪಾಪಿ ಸಿಕ್ಕಿದ್ನಾ ಸ್ವಾಮಿ?" ಅಂದಳು ನನ್ನನ್ನು ನೋಡಿ. "ನನ್ ಮಗ ಇರುವೆ ತುಳಿಯೋನಲ್ಲ. ಮೈಕಿಗೆ ಕರೆಂಟು ಬಿಟ್ಟೋನ ಕೈ ಬಿದ್ದೋಗ!"

"ಹುಡುಕ್ತಿದ್ದೀನಿ ಕಣಮ್ಮ," ಅಂದೆ. ಅವಳ ಮುಖ ನೋಡಲು ಆಗಲಿಲ್ಲ. ನನ್ನ ಕಾಲು ಹಿಡಿದು ಬೇಡಿಕೊಂಡಿದ್ದಾಳೆ. ನಾನೋ, ಸಿಕ್ಕೇ ಸಿಗುತ್ತಾನೆ ಅಂತ ದೊಡ್ಡದಾಗಿ ಮಾತು ಕೊಟ್ಟಿದ್ದೇನೆ.

ಉಳಿದಿದ್ದು ಒಂದೇ ದಾರಿ. ಆ ಹಾರ ಎಲ್ಲಿಂದ ಬಂತೋ ಅಲ್ಲಿಗೇ ಹೋಗಿ ಕೇಳುವುದು.

ಬಯಲಿನಲ್ಲಿ ಚಪ್ಪರ ಹಾಗೇ ನಿಂತಿತ್ತು. ತೆಂಗಿನ ಗರಿಗಳು ಒಣಗಿ ಮುದುಡಿದ್ದವು. ಉತ್ಸವದ ಕಾರ್ಯದರ್ಶಿ ಓಂಕಾರಮೂರ್ತಿ ವೇದಿಕೆಯ ಅಂಚಿನಲ್ಲಿ ಕೂತು ಸ್ಟೀಲು ಲೋಟದಲ್ಲಿ ಕಾಫಿ ಕುಡಿಯುತ್ತಿದ್ದ. ಕೊಬ್ಬರಿ ವ್ಯಾಪಾರಿ, ಮಾತಿನಲ್ಲಿ ಬೆಣ್ಣೆ. ಅರ್ಧಕ್ಕೆ ನಿಂತ ಭಜನೆಯನ್ನು ಮತ್ತೆ ನಡೆಸಬೇಕು ಅಂತ ಮೇಳಗಳಿಗೆಲ್ಲ ಹೇಳಿಕಳಿಸಿದ್ದಾನೆ. ಲಿಂಗದಹಳ್ಳಿಯವರು ಒಪ್ಪಿಯೂ ಆಗಿದೆ.

"ಬನ್ನಿ ಪಂಚಾಕ್ಷರಣ್ಣ, ಕಾಫಿ ತರಿಸ್ಲಾ?"

"ಕಾಫಿ ಬೇಡ. ಹಾರ ಕಟ್ಟಿದ್ದು ಯಾರು?"

"ಯಾವ ಹಾರ?"

"ಮಡಚಿದ್ರೆ ಮಡಚಿದ ಹಂಗೇ ನಿಲ್ಲೋ ಹಾರ."

ಬಾಯಿಗೆ ಹೋಗುತ್ತಿದ್ದ ಲೋಟ ಅರ್ಧದಲ್ಲೇ ನಿಂತಿತು. ಆಮೇಲೆ ಅವನು ನಿಧಾನವಾಗಿ ಒಂದು ಗುಟುಕು ಕುಡಿದ. ನಾನು ಎಷ್ಟೋ ಮುಖ ನೋಡಿದ್ದೇನೆ ರೀ. ಟಿಕೆಟ್ ಇಲ್ಲದವನ ಮುಖ, ಟ್ರಂಕು ಕದ್ದವನ ಮುಖ. ಈ ಮುಖ ನನಗೆ ಗೊತ್ತಾಯಿತು.

"ಅತಿಥಿಗಳ ಹಾರಗಳೆಲ್ಲ ನಮ್ಮನೇಲೇ ಕಟ್ಟಿದ್ದು," ಅಂದ. "ಒದ್ದೆ ಬಟ್ಟೇಲಿ ಸುತ್ತಿ ತಂದಿಟ್ಟಿದ್ದೆ. ಒಂದನ್ನ ಕಂಬಕ್ಕೆ ಕಟ್ರಪ್ಪಾ ಅಂತ ಕೊಟ್ಟೆ. ಕಟ್ಟಿದ್ದು ಯಾರೋ ಸ್ವಯಂಸೇವಕ. ಹಳದಿ ಪಟ್ಟಿಯೋರು ಬಯಲು ತುಂಬಾ ಇದ್ರು, ಯಾರು ಅಂತ ನೋಡ್ಲಿ?"

"ಸುಳ್ಳು. ವಿಮಲಮ್ಮ ನೆಲ ಒರೆಸಿ ಇಳಿದ ಮೇಲೆ ವೇದಿಕೆ ಹತ್ತಿದೋರು ಇಬ್ಬರೇ. ಅಧ್ಯಕ್ಷರು, ನೀನು."

"ಹೌದು, ಹತ್ತಿದೆ. ಹತ್ತಿದೋನು ತಾಳ ಇಸ್ಕೊಂಡೆ." ಅವನು ನಕ್ಕ. "ನಮ್ಮ ಪದ್ಧತಿ ನಿಮಗೆ ಗೊತ್ತಿಲ್ವಾ? ಒಂದು ಸಲ ತಾಳ ಹಿಡಿದೋನು ಇನ್ನೊಬ್ಬ ಬಂದು ಇಸ್ಕೊಳ್ಳೋ ತನಕ ಕೆಳಗಿಡೋ ಹಂಗಿಲ್ಲ, ನಿಲ್ಲಿಸೋ ಹಂಗೂ ಇಲ್ಲ. ನನ್ನ ಎರಡು ಕೈಯೂ ತಾಳದಲ್ಲಿತ್ತು. ಜನವೆಲ್ಲ ನೋಡಿದ್ದಾರೆ. ದೀಪದ ಸ್ವಿಚ್ಚು ಇರೋದು ಹಿಂದೆ, ಪರದೆಯಾಚೆ, ಕೆಂಚನ ಮೇಜಿನ ಮೇಲೆ. ಯಾವ ಕೈಲಿ ಹಾಕ್ಲಿ ಹೇಳಿ?"

"ಕೈಗೆ ಬಿಡುವಿರಲಿಲ್ಲ, ಬಾಯಿಗಿತ್ತು. ದೀಪ ಹಾಕು ಅಂತ ಪರದೆಯಾಚೆ ಇದ್ದೋರಿಗೆ ಹೇಳೋಕೆ ಬಾಯಿ ಸಾಕು."

ಅವನು ಲೋಟದೊಳಗೆ ನೋಡಿದ. ನನಗೆ ಹುರುಪು ಬಂತು. ಬರಬಾರದಿತ್ತು.

"ಅಧ್ಯಕ್ಷರು ಆವತ್ತು ಮೈಕಿನಲ್ಲಿ ಏನು ಹೇಳೋರಿದ್ರು ಅಂತ ನಿನಗೆ ಗೊತ್ತಿತ್ತು. ಕೊನೇ ಸರದಿ ಸ್ವಯಂಸೇವಕರಿಗೆ. ಕರಿಯಮ್ಮನ್ನ ವೇದಿಕೆ ಹತ್ತಿಸಿ, ಅವಳ ಕೈಗೆ ತಾಳ ಕೊಡ್ತಾರೆ ಅಂತ."

"ಗೊತ್ತಿತ್ತು. ಬಣ್ಣದ ದೀಪದ ಬೆಳಕಲ್ಲಿ ಅವಳನ್ನ ಕೂರಿಸ್ತೀನಿ ಅಂತಿದ್ರು. ಎಂಜಲೆಲೆ ಎತ್ತೋ ಕೈಗೆ ತಾಳ ಬೇಡ ಅಂದೆ. ನಾನೊಬ್ನೇ ಅಲ್ಲ, ಮೇಳದೋರು ಮುಕ್ಕಾಲು ಪಾಲು ಜನ ಬೇಡ ಅಂದ್ರು. ಬೇಡ ಅಂದಿದ್ದಕ್ಕೆ ಕೇಸಾಗುತ್ತಾ?"

"ಕೊಲ್ಲಬೇಕು ಅಂತ ನೀನು ಮಾಡಿಲ್ಲ ಕಣಯ್ಯ. ಅಷ್ಟು ಧೈರ್ಯ ನಿನಗಿಲ್ಲ. ಆ ಮಾತು ಬಾಯಿಗೆ ಬರೋ ಹೊತ್ತಿಗೆ ಒಂದು ಸಲ ಜುಮ್ ಅನ್ನಿಸಬೇಕು, ಅವರು ಹೌಹಾರಿ ಹಿಂದಕ್ಕೆ ಬೀಳಬೇಕು, ನೋಡಿದ್ರಾ ಶಿವನೇ ಒಪ್ಪಲಿಲ್ಲ ಅಂತ ಜನ ಹೆದರಬೇಕು. ಅಷ್ಟೇ ನಿನ್ನ ಲೆಕ್ಕಾಚಾರ. ನೆಲ ಹಸಿ ಇದೆ, ಬರಿಗಾಲು ಅನ್ನೋದು ನಿನ್ನ ತಲೆಗೆ ಹೋಗಲಿಲ್ಲ."

ಓಂಕಾರಮೂರ್ತಿ ಲೋಟ ಕೆಳಗಿಟ್ಟ. ಅವನ ಕಣ್ಣು ಕೆಂಪಾಗಿತ್ತು. ಒಂದು ಗಳಿಗೆ, ಈಗ ಅತ್ತೇ ಬಿಡುತ್ತಾನೆ ಅಂದುಕೊಂಡೆ.

"ಜನ ಹೆದರಿದ್ರಾ ಅಣ್ಣ?" ಅಂದ ತಗ್ಗಿದ ದನಿಯಲ್ಲಿ. "ಯಾರೂ ಹೆದರಲಿಲ್ಲ. ಕೈ ಮುಗಿದ್ರು. ಹಾಡಿ ಹಾಡಿ ಅಂತ ಕೂಗಿದ್ರು. ಚಪ್ಪಲಿ ಕಾಯ್ತಾ ನೀವೂ ಎದ್ದು ನಿಂತು ಕೈ ಮುಗಿದ್ರಿ. ನಾನು ವೇದಿಕೆ ಮೇಲಿಂದ ನೋಡ್ದೆ."

ನಾನು ಜೇಬಿನಲ್ಲಿ ನಶ್ಯದ ಡಬ್ಬಿ ತಡಕಿದೆ.

"ನೀವು ಹೇಳಿದ್ದನ್ನೆಲ್ಲ ಹೋಗಿ ಈರಭದ್ರಪ್ಪನ ಹತ್ರ ಹೇಳಿ. ಹಾರ ಎಲ್ಲಿ ಅಂತಾರೆ. ಸಮಾಧೀಲಿ ಅಂತೀರಿ. ಆಮೇಲೆ ದೀಪ ಹಾಕಿದ್ದು ಯಾರು ಅಂತಾರೆ." ಅವನು ಎದ್ದು ಪಂಚೆ ಕೊಡವಿಕೊಂಡ. "ಆ ಪ್ರಶ್ನೆ ಕೇಳಿಸಬೇಡಿ ಅಣ್ಣ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಕೆಂಚ ದೀಪ ಹಾಕಿಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಆದ್ರೂ ನಾನೇ ಹಾಕ್ದೆ ಅಂತಾನೆ. ಯಾರಿಗೋಸ್ಕರ ಅಂತಾನೆ, ಸ್ವಲ್ಪ ಯೋಚನೆ ಮಾಡಿ. ಹೆತ್ತೋಳ ಮೇಲೆ ಅಂಥ ಪ್ರೀತಿ ಇರೋ ಮಗ ಎಲ್ಲರಿಗೂ ಹುಟ್ಟಲ್ಲ."

ಅವನು ಚಪ್ಪರದ ಕಡೆ ನಡೆದು, ಗರಿ ಕಟ್ಟುವವನಿಗೆ ಏನೋ ಹೇಳತೊಡಗಿದ. ನನಗೆ ಏನೂ ಕೇಳಿಸಲಿಲ್ಲ.

ಹೆತ್ತೋಳು.

ಊಟಕ್ಕೆ ಹೋಗುವಾಗ ಕೆಂಚ ಆ ಮೇಜನ್ನು ಯಾರ ಸುಪರ್ದಿಗೆ ಬಿಟ್ಟು ಹೋಗುತ್ತಾನೆ? ಯಾರನ್ನು ನಂಬುತ್ತಾನೆ? "ಅವ್ವ, ಇಲ್ಲೇ ಸ್ವಲ್ಪ ಕೂತಿರು, ಯಾರೂ ಮುಟ್ಟದಂಗೆ ನೋಡ್ಕೋ" ಅಂದಿರುತ್ತಾನೆ. ದೀಪದ ಸ್ವಿಚ್ಚು ಯಾವುದು ಅಂತ ತೋರಿಸಿಯೂ ಇರುತ್ತಾನೆ. ದಿನಾ ಸಂಜೆ ವೇದಿಕೆಯ ಮೇಲಿನ ಗುರುಗಳ ಫೋಟೋದ ಸುತ್ತ ಬಣ್ಣದ ದೀಪ ಹಾಕುತ್ತಿದ್ದದ್ದು ಅವಳೇ ಇರಬೇಕು. ಎಷ್ಟು ಸಂತೋಷದಿಂದ ಹಾಕಿದ್ದಳೋ ಏನೋ.

ಊಟ ಮುಗಿಸಿ ಬಂದ ಮಗ ಹಗಲಲ್ಲಿ ಉರಿಯುವ ದೀಪ ನೋಡಿ ಆರಿಸಿದ. ಆಮೇಲೆ ವೈರಿನ ವಿಷಯ ತಿಳಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಗಿದೆ. ಅವ್ವನ ಕೈ ಅಂತ. ಅವಳಿಗೆ ಅದು ಗೊತ್ತೇ ಆಗಬಾರದು ಅಂತ ತಾನು ತಲೆ ಕೊಟ್ಟಿದ್ದಾನೆ.

ಠಾಣೆಯ ಕಡೆ ನಡೆಯುತ್ತಾ ನಾನು ಶಿವನನ್ನು ಬಾಯಿಗೆ ಬಂದ ಹಾಗೆ ಬೈದೆ. ಹೇಳದೆ ಇದ್ದರೆ ಮಗ ಹೋಗುತ್ತಾನೆ. ಹೇಳಿದರೆ ತಾಯಿ ಬದುಕಿದ್ದೂ ಸತ್ತ ಹಾಗೆ. ಆದರೂ ಒಂದು ಆಸೆ ಉಳಿದಿತ್ತು. ದೀಪ ಹಾಕು ಅಂತ ಅವಳಿಗೆ ಹೇಳಿದ್ದು ಯಾರು? ಅವಳು ಓಂಕಾರಮೂರ್ತಿಯ ಹೆಸರು ಹೇಳಿಬಿಟ್ಟರೆ, ಅದನ್ನು ಈರಭದ್ರಪ್ಪನ ಮುಂದೆ ಹೇಳಿದರೆ, ಇಬ್ಬರೂ ಉಳಿಯಬಹುದು. ಅಷ್ಟು ಸಣ್ಣ ಆಸೆ ಹಿಡಿದುಕೊಂಡು ಹೋದೆ.

ಠಾಣೆಯ ಮುಂದೆ ಜೀಪು ಬಂದು ನಿಂತಿತ್ತು. ಡ್ರೈವರು ಎಂಜಿನ್ನಿಗೆ ನೀರು ಹಾಕುತ್ತಿದ್ದ.

ನಾನು ಹುಣಸೆಮರದ ಕೆಳಗೆ ಕರಿಯಮ್ಮನ ಎದುರು ಕುಕ್ಕರುಗಾಲಿನಲ್ಲಿ ಕೂತೆ. "ಕರಿಯಮ್ಮ, ಆವತ್ತು ಮಗ ಊಟಕ್ಕೆ ಹೋದಾಗ ಮೇಜಿನ ಹತ್ರ ಇದ್ದದ್ದು ನೀನೇ ಅಲ್ವಾ?"

"ಹೂಂ ಸ್ವಾಮಿ. ಕಾಯ್ಕೊಂಡಿದ್ದೆ. ಮೈಕಿನ ತಂಟೆಗೆ ಯಾರನ್ನೂ ಬಿಟ್ಟಿಲ್ಲ. ನಮ್ಮಪ್ಪನಾಣೆ."

"ಮೈಕು ಬಿಡು. ಬಣ್ಣದ ದೀಪ ಹಾಕಿದ್ಯಲ್ಲ, ಹಾಕು ಅಂತ ಹೇಳಿದ್ದು ಯಾರು?"

"ದೀಪ 'ಹಾಕು' ಅಂದ್ರು, ಹಾಕ್ದೆ. ಅದಕ್ಕೂ ಇದಕ್ಕೂ ಏನು..."

ಮಾತು ಅಲ್ಲಿಗೆ ನಿಂತಿತು.

ನನ್ನ ಮುಖದಲ್ಲೇ ಎಲ್ಲ ಇತ್ತು ಅಂತ ಕಾಣುತ್ತದೆ. ಅವಳು ತನ್ನ ಬಲಗೈ ತಿರುಗಿಸಿ ನೋಡಿಕೊಂಡಳು.

"ಅದರಲ್ಲೇ ಬಂತಾ?" ಅಂದಳು ಕೊನೆಗೆ.

"ನಿನಗೆ ಗೊತ್ತಿರಲಿಲ್ಲ ಕಣಮ್ಮ. ನಿನ್ನ ತಪ್ಪಿಲ್ಲ. ಯಾರು ಹೇಳಿದ್ದು ಅಂತ ಒಂದು ಹೆಸರು ಹೇಳು ಸಾಕು."

"ನನ್ ಮಗಂಗೆ ಗೊತ್ತಾ?"

"ಗೊತ್ತು."

"ಅದಕ್ಕೇ ಒಳಗೆ ಕೂತವ್ನಾ?"

ನಾನು ತಲೆಯಾಡಿಸಿದೆ. ಅವಳು ನೆಲಕ್ಕೆ ಕೈಯೂರಿ ಎದ್ದಳು. ಸೀರೆ ಸರಿಮಾಡಿಕೊಂಡಳು. ನಾನು ತಡೆಯುವಷ್ಟರಲ್ಲಿ ಠಾಣೆಯ ಮೆಟ್ಟಿಲು ಹತ್ತಿಬಿಟ್ಟಿದ್ದಳು.

"ಬರ್ಕಳಿ ಬುದ್ಧಿ," ಅಂದಳು ಈರಭದ್ರಪ್ಪನ ಮೇಜಿನ ಮುಂದೆ ನಿಂತು. "ದೀಪ ಹಾಕ್ದೋಳು ನಾನು. ವೈರು ಕಟ್ಟಿದ್ದೂ ನಾನೇ. ಬೇಕೂಂತ್ಲೇ ಮಾಡ್ದೆ. ಯಾರೂ ಹೇಳಿಲ್ಲ. ನನ್ ಮಗನ್ನ ಬಿಟ್ಬಿಡಿ."

"ಏಯ್, ಸುಮ್ನಿರು!" ನಾನು ಕಿರುಚಿದೆ. "ಸುಳ್ಳು ಹೇಳ್ತಿದ್ದಾಳೆ ಸಾರ್. ಯಾರೋ ಹೇಳಿ ಹಾಕಿಸಿದ್ದಾರೆ. ಹೆಸರು ಹೇಳು ಕರಿಯಮ್ಮ, ಕೈ ಮುಗೀತೀನಿ."

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ನೀವು ಸುಮ್ಕಿರಿ ಸ್ವಾಮಿ. ಆ ಹೆಸರು ಹೇಳಿದ್ರೆ ಯಾರ್ ನಂಬ್ತಾರೆ? ನನ್ ಹೆಸರು ಹೇಳಿದ್ರೆ ಎಲ್ರೂ ನಂಬ್ತಾರೆ."

ಈರಭದ್ರಪ್ಪ ಪೆನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಒಳಗಿನಿಂದ ಕಂಬಿ ಅಲ್ಲಾಡಿಸಿದ ಸದ್ದಾಯಿತು.

"ಅವ್ವಾ! ಹೋಗವ್ವ ನೀನು!" ಕೆಂಚನ ದನಿ ಒಡೆದುಹೋಗಿತ್ತು. "ಸಾರ್, ಅವಳಿಗೆ ತಲೆ ಕೆಟ್ಟಿದೆ ಸಾರ್! ನಾನೇ ಮಾಡಿದ್ದು! ವೈರು ನಾನೇ ಕಟ್ದೆ! ಬರ್ಕೊಳ್ಳಿ, ಹೆಬ್ಬೆಟ್ಟು ಹಾಕ್ತೀನಿ!"

ನಿನ್ನೆಯವರೆಗೆ ಆ ಹುಡುಗ ಒಪ್ಪಿಕೊಂಡಿದ್ದದ್ದು ಸ್ವಿಚ್ಚು ಒಂದನ್ನೇ. ಈಗ ವೈರನ್ನೂ ಒಪ್ಪಿಕೊಂಡುಬಿಟ್ಟ. ಅವನ ಬಾಯಿಂದ ಆ ಮಾತು ತೆಗೆಸಿದ್ದು ನಾನು, ಇನ್ಯಾರೂ ಅಲ್ಲ.

ಈರಭದ್ರಪ್ಪ ಕ್ಯಾಪು ತೆಗೆದು ಮೇಜಿನ ಮೇಲಿಟ್ಟು ಹಣೆ ಒರೆಸಿಕೊಂಡ. ಅವನೇನು ಕೆಟ್ಟವನಲ್ಲ. ಆದರೆ ಎದುರಿಗೆ ತಾವಾಗಿ ಬಂದು ಬಿದ್ದದ್ದನ್ನು ಯಾವ ಪೊಲೀಸು ಬಿಡುತ್ತಾನೆ?

"ಬೀರಯ್ಯ," ಅಂದ ಕಾನ್‌ಸ್ಟೇಬಲ್‌ಗೆ. "ಇಬ್ಬರ ಹೇಳಿಕೆಯೂ ತಗೊಳ್ರೀ."

"ಮಗನ್ನ ಬಿಡ್ತೀರಲ್ವಾ ಬುದ್ಧಿ?"

"ಬಿಡೋದಾ? ತಾಯಿ ಮಗ ಸೇರಿ ಮಾಡಿದ್ದು ಅಂತಾಯ್ತಲ್ಲಮ್ಮ." ಅವನು ಅವಳ ಮುಖ ನೋಡದೆ ಹೇಳಿದ. "ಇಬ್ರೂ ಜೀಪು ಹತ್ತಿ."

ಕರಿಯಮ್ಮನಿಗೆ ಅದು ತಕ್ಷಣ ತಿಳಿಯಲಿಲ್ಲ. ಕೆಂಚನನ್ನು ಹೊರಗೆ ಕರೆತಂದಾಗ, ಬಿಟ್ಟರು ಅಂತಲೇ ಅವಳು ಎರಡೂ ಕೈ ಚಾಚಿದಳು. ಅವನ ಕೈಯಲ್ಲಿ ಬೇಡಿ ಇತ್ತು. ಅವನು ತಾಯಿಯ ಹೆಗಲಿಗೆ ಹಣೆ ಇಟ್ಟು ಅತ್ತ. ಅವಳು ಅವನ ತಲೆ ನೇವರಿಸುತ್ತಾ, ಊಟ ಮಾಡಿದ್ಯೇನೋ ಅಂತ ಕೇಳಿದಳು.

ಜೀಪಿನ ಹಿಂದೆ ಅವರಿಬ್ಬರನ್ನೂ ಕೂರಿಸಿದರು. ನಾನು ಓಡಿಹೋಗಿ ಕಬ್ಬಿಣದ ಹಿಡಿ ಹಿಡಿದುಕೊಂಡೆ.

"ಈಗಲಾದ್ರೂ ಹೇಳು ತಾಯಿ. ನಾನು ಕಡೂರಿಗಾದ್ರೂ ಹೋಗಿ ವಕೀಲರನ್ನ ಹಿಡೀತೀನಿ. ಪರದೆಯಾಚೆಯಿಂದ ದೀಪ ಹಾಕು ಅಂದದ್ದು ಓಂಕಾರಮೂರ್ತಿ ತಾನೇ?"

ಕರಿಯಮ್ಮ ನನ್ನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದಳು.

"ಅವ್ರಾ? ಅವ್ರು ನನ್ನ ಮುಖಾನೇ ನೋಡಲ್ಲ, ಮಾತಾಡ್ತಾರಾ? ಅವ್ರಲ್ಲ ಸ್ವಾಮಿ."

"ಮತ್ತೆ?"

"ಅಧ್ಯಕ್ಷರು. ತೀರ್ಥಪ್ಪನೋರೇ." ಇಷ್ಟು ಹೊತ್ತು ಬಾರದ ನೀರು ಈಗ ಅವಳ ಕಣ್ಣಲ್ಲಿ ಬಂತು. "ಮೈಕಿನ ಮುಂದೆ ನಿಂತೋರು ಹಿಂದಕ್ಕೆ ತಿರುಗಿ ಪರದೆ ಸರಿಸಿದ್ರು. 'ದೀಪ ಹಾಕ್ಬಿಟ್ಟು ನೀನೂ ಮೇಲಕ್ಕೆ ಬಾ ಕರಿಯಮ್ಮ' ಅಂದ್ರು. ಅಷ್ಟು ಪ್ರೀತಿಯಿಂದ ನನ್ನನ್ನ ಯಾರೂ ಕರ್ದಿರಲಿಲ್ಲ. ಹಾಕ್ದೆ."

ಜೀಪು ತರೀಕೆರೆ ಕಡೆಗೆ ಹೊರಟಿತು.